ಗೆಸ್ಟಿಗೆ ಐದು ಗಂಟೆ

ಹಿಂದೂಪುರದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿದ್ದ ಕಂಪ್ಯೂಟರ್ ಜಾತಕದ ಅಂಗಡಿಗೆ ಹೊಸ ಕಂಪ್ಯೂಟರ್ ಬಂದದ್ದೇ ಆಪರೇಟರ್ ಉಗ್ರಪ್ಪನ ಕಷ್ಟಕ್ಕೆ ಮೂಲ. ಹಳೆಯ ಜಾತಕದ ಪ್ರೋಗ್ರಾಂ ಹೊಸ ವಿಂಡೋಸಿನಲ್ಲಿ ಕಣ್ಣೇ ಬಿಡಲಿಲ್ಲ. ಒಂದು ಮಶೀನಿನ ಹೊಟ್ಟೆಯೊಳಗೆ ಇನ್ನೊಂದು ಮಶೀನು ನಡೆಸುವ ಸಾಫ್ಟ್‌ವೇರು ಆ ವರ್ಷ, ತೊಂಬತ್ತೊಂಬತ್ತರಲ್ಲಿ, ಆಗಷ್ಟೇ ಬಂದಿತ್ತು. ಉಗ್ರಪ್ಪ ಅದನ್ನು ತರಿಸಿ, ಒಳಗಿನ ಮಶೀನಿಗೆ ಹಳೆಯ ವಿಂಡೋಸ್ ಹಾಕಿದ. ಒಳಗಿನ ಮಶೀನು ಲೈಸೆನ್ಸ್ ನಂಬರು ಕೇಳಿತು. ಬೀರುವಿನಲ್ಲಿ ಸಿಕ್ಕ ಕಾಗದ ಹಿಂದಿನ ಆಪರೇಟರ್ ಜೋಗಪ್ಪನ ಹೆಸರಿನಲ್ಲಿತ್ತು. ಜೋಗಪ್ಪ ಹೋದ ವರ್ಷ ಅದೇ ಕುರ್ಚಿಯಲ್ಲಿ ಕೂತಂತೆಯೇ ಪ್ರಾಣ ಬಿಟ್ಟಿದ್ದ. ಬೇರೆ ದಾರಿಯಿಲ್ಲದೆ ಉಗ್ರಪ್ಪ ಆ ನಂಬರನ್ನೇ ಒತ್ತಿದ.

‘ವೆಲ್‌ಕಮ್, ಜೋಗಪ್ಪ’ ಎಂದಿತು ಪರದೆ. ಅದರ ಕೆಳಗೇ ಇನ್ನೊಂದು ಸಾಲು ಮೂಡಿತು. ಯಜಮಾನ ಅಮರೇಶಪ್ಪ ಕನ್ನಡಕ ಏರಿಸಿ ಓದಿದ: “ಗೆಸ್ಟ್ ವಿಲ್ ಎಕ್ಸ್‌ಪೈರ್ ಟುಡೇ, ಫೈವ್ ಪಿ.ಎಂ.”

ದೇವರ ಪಟಕ್ಕೆ ಹೂವು ಕೊಡಲು ಬಂದಿದ್ದ ಲಕ್ಷ್ಮಕ್ಕ ಮೊಳ ಹಾಕುತ್ತಿದ್ದ ಕೈಯನ್ನು ಅಲ್ಲಿಗೇ ನಿಲ್ಲಿಸಿದಳು. “ಅಯ್ಯೋ ದೇವುಡಾ! ಎಕ್ಸ್‌ಪೈರ್ ಅಂದ್ರೆ ಸಾಯೋದಲ್ವಾ? ನಮ್ಮಾವ ಹೋದಾಗ ಆಸ್ಪತ್ರೇಲಿ ಅಂಗೇ ಅಂದ್ರು ಕಣಪ್ಪ!”

ಅಂಗಡಿಯಲ್ಲಿದ್ದ ಗೆಸ್ಟು ಒಬ್ಬನೇ. ಮಗನ ಜಾತಕ ಕೂಡಿಸಲು ಕಲ್ಯಾಣದುರ್ಗದಿಂದ ಬಂದು ಬೆಂಚಿನ ಮೇಲೆ ಕೂತಿದ್ದ ಪೆದ್ದಣ್ಣ.

“ಗೆಸ್ಟ್ ಅಂದ್ರೆ ಒಳಗಿರೋ ಮಶೀನು ಕಣಕ್ಕ! ಜೋಗಣ್ಣನ ಲೈಸೆನ್ಸ್ ಇವತ್ತಿಗೆ ಮುಗೀತದೆ, ಅಷ್ಟೆಯಾ,” ಎಂದ ಉಗ್ರಪ್ಪ.

“ಜೋಗಣ್ಣನೇ ಯೋಳ್ತಾ ಅವ್ನೆ. ಅವನ ಬೀಡಿ ವಾಸ್ನೆ ಬರ್ತಿಲ್ವಾ?” ಎಂದಳು ಲಕ್ಷ್ಮಕ್ಕ.

ಯಾರೂ ಬೀಡಿ ಹಚ್ಚಿರಲಿಲ್ಲ. ಆದರೂ ವಾಸನೆ ಉಗ್ರಪ್ಪನ ಮೂಗಿಗೂ ಬಡಿಯಿತು. ಪರದೆಯ ಕರ್ಸರು ಬಾವಿಯ ತಳದಿಂದ ಯಾರೋ ಕಣ್ಣು ಮಿಟುಕಿಸಿದಂತೆ ಮಿಟುಕುತ್ತಿತ್ತು. ಪೆದ್ದಣ್ಣ ಮೆಲ್ಲಗೆ ಬೆಂಚಿನ ಮೇಲೆ ಒರಗಿ, “ನಮ್ಮೋಳಿಗೆ ಒಂದು ಮಾತು ಯೋಳಿ ಕಳಿಸ್ರಪ್ಪ” ಎಂದ.

ನಾಲ್ಕೂವರೆಯಾಗಿತ್ತು. ಉಗ್ರಪ್ಪ ಎಸ್‌ಟಿಡಿ ಬೂತಿಗೆ ಓಡಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಫೋನು ಹಚ್ಚಿ, ಹೊಸ ಲೈಸೆನ್ಸ್ ನಂಬರು ಅಂಗೈಯಲ್ಲಿ ಬರೆದುಕೊಂಡು ಬಂದ. ಬೆವರಿಗೆ ಒಂದು ಅಂಕಿ ಅಳಿಸಿತ್ತು. ಅದು ಮೂರೋ ಎಂಟೋ? ಮೂರು ಒತ್ತಿದ. ಮಶೀನು ಕುಂಯ್ ಎಂದಿತು. ಪೆದ್ದಣ್ಣ ಎದೆ ಹಿಡಿದುಕೊಂಡ. ಎಂಟು ಒತ್ತಿದಾಗ ಐದಕ್ಕೆ ಎರಡೇ ನಿಮಿಷ. ಸಾಲು ಮಾಯವಾಯಿತು.

ಪೆದ್ದಣ್ಣ ಎದ್ದು ಕೂತು ಸೋಡಾ ಕೇಳಿದ. “ಸತ್ತೋನ ಮಾತಿಗೆ ಅಷ್ಟು ಹೆದರ್ತಾರೇನಯ್ಯಾ?” ಎಂದು ಅಮರೇಶಪ್ಪ ಹೊಟ್ಟೆ ಕುಣಿಸಿ ನಕ್ಕ. ನಗು ಮುಗಿಯುವ ಮೊದಲೇ ಪರದೆಯಲ್ಲಿ ಹೊಸ ಸಾಲು ಮೂಡಿತು: ‘ಹೋಸ್ಟ್ ವಿಲ್ ಎಕ್ಸ್‌ಪೈರ್ ಟುಮಾರೋ.’

“ಹೋಸ್ಟ್ ಅಂದ್ರೆ?” ಎಂದಳು ಲಕ್ಷ್ಮಕ್ಕ.

“ಹೊರಗಿನ ಮಶೀನು,” ಎಂದ ಉಗ್ರಪ್ಪ.

“ಗೆಸ್ಟನ್ನ ಕೂರಿಸ್ಕೊಂಡಿರೋ ಯಜಮಾನ,” ಎಂದ ಅಮರೇಶಪ್ಪ, ತನಗೆ ತಾನೇ ಹೇಳಿಕೊಳ್ಳುವವನಂತೆ. ಅವನ ಮುಖ ಸುಣ್ಣವಾಯಿತು. ಸೊಂಟದಿಂದ ಬೀಗದ ಕೈಗಳನ್ನು ಬಿಚ್ಚಿ ಉಗ್ರಪ್ಪನ ಅಂಗೈಗೆ ಒತ್ತಿದ.

“ಒಂದು ವರ್ಷದಿಂದ ಹಗಲೂ ರಾತ್ರಿ ದುಡೀತಿದೀಯಪ್ಪ. ಇವತ್ತಿಂದ ಈ ಅಂಗಡಿಗೆ ನೀನೇ ಯಜಮಾನ. ಲಕ್ಷ್ಮಕ್ಕ, ಪೆದ್ದಣ್ಣ, ನೀವೇ ಸಾಕ್ಷಿ.”

ಹಾಗೆಂದವನು ಹಿಂದಿರುಗಿ ನೋಡದೆ ಮೆಟ್ಟಿಲಿಳಿದ. ಪೆದ್ದಣ್ಣ ಚೀಲ ಹೆಗಲಿಗೇರಿಸಿ, “ಬತ್ತೀನಪ್ಪ, ಬಸ್ಸು ಹೋಗ್ಬುಡ್ತದೆ” ಎಂದ. ಲಕ್ಷ್ಮಕ್ಕ ಮಾತ್ರ ನಿಂತು ಉಗ್ರಪ್ಪನನ್ನು ಕನಿಕರದಿಂದ ನೋಡಿದಳು.

“ನಾಳಿಕ್ಕೆ ಬಿಡಿ ಹೂವು ತರ್ಲಾ, ಹಾರಾನೇ ಕಟ್ಲಾ ಕಣಪ್ಪ?”