ಅಂಬಲಿ ಮಡಕೆಗೆ ಮಂಕಿ ಕ್ಯಾಪ್

ಚಳಿಗಾಲದಲ್ಲಿ ನಾನು ಪತ್ರಿಕೆಯನ್ನು ಹಿಂದಿನಿಂದ ಓದುತ್ತೇನೆ. ಕೊನೆಯ ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಮಾಡಿ 'ಕನಿಷ್ಠ ತಾಪಮಾನ' ಎಂದು ಹಾಕಿರುತ್ತಾರಲ್ಲ, ಮೊದಲು ಅದು. ಸರ್ಕಾರ ಬಿತ್ತೋ ಉಳಿಯಿತೋ ಎಂದು ನೋಡುವುದು ಆಮೇಲೆ. ಸರ್ಕಾರ ಬಿದ್ದರೆ ನನಗೆ ನೆಗಡಿಯಾಗುವುದಿಲ್ಲ. ತಾಪಮಾನ ಬಿದ್ದರೆ ಆಗುತ್ತದೆ.

ಹವಾಮಾನದ ವಿಷಯದಲ್ಲಿ ಇಷ್ಟು ಆಳವಾದ ಅಧ್ಯಯನ ನಡೆಸಿದ ಮನುಷ್ಯನಿಗೆ ಒಂದು ಮಡಕೆ ಅಂಬಲಿಯನ್ನು ಒಂದು ಮಧ್ಯಾಹ್ನ ಕಾಯುವುದು ಕಷ್ಟವೇ? ಅಲ್ಲ ಎಂದುಕೊಂಡಿದ್ದೆ.

ಅಂಬಲಿಯ ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕಲಬುರಗಿಯ ಕಡೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಎಳ್ಳ ಅಮಾವಾಸ್ಯೆ ಬಂದರೆ ನಮ್ಮವರು ಮನೆಯಲ್ಲಿ ಕೂಡುವುದಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಮಡಕೆ ತುಂಬ ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲ ಪಾಲನ್ನು ಪೈರಿಗೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದರೂ ನಾವು ಏಳೆಂಟು ಮನೆಯವರು ಇದನ್ನು ಬಿಟ್ಟಿಲ್ಲ. ಸ್ವಂತ ಹೊಲವಿಲ್ಲ ಅಷ್ಟೆ. ಶಂಶಾಬಾದಿನಾಚೆ ಪರಿಚಯದವರೊಬ್ಬರ ಮಾವಿನ ತೋಪು, ಅದರ ಪಕ್ಕ ಒಂದು ತುಂಡು ಜೋಳದ ಹೊಲ ಇದೆ. ಸುತ್ತಲೂ ಪ್ಲಾಟಿನ ಕಲ್ಲು ನೆಟ್ಟಾಗಿತ್ತು. ನಡುವೆ ಉಳಿದ ಆ ಜೋಳಕ್ಕೇ ನಮ್ಮ ಚರಗ.

ಆ ವರ್ಷ ಅಮಾವಾಸ್ಯೆ ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವೆ, ಭಾನುವಾರವೇ ಬಂದಿತ್ತು. ಊರಿನ ಇನ್ನೊಂದು ತುದಿಯಲ್ಲಿ ದಿನಕ್ಕೊಂದು ಗಾಜಿನ ಸಾಫ್ಟ್‌ವೇರ್ ಕಟ್ಟಡ ಏಳುತ್ತಿದ್ದ ಕಾಲ. ಮಲ್ಕಾಜ್‌ಗಿರಿಯ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲೂ ರೈಲ್ವೆಯವರು ಬಿಟ್ಟುಹೋದ ಮನೆಗಳಿಗೆ ಕಂಪ್ಯೂಟರಿನ ಮಕ್ಕಳು ಬಂದು ತುಂಬಿಕೊಂಡಿದ್ದರು. ಅವರಿಗೂ ರಜೆ. "ನಾವೂ ಬರ್ತೀವಿ ಅಂಕಲ್" ಎಂದರು. ಒಟ್ಟು ಐವತ್ತು ಜನ. ಅಂಬಲಿಯ ಪಾಳಿ ನನ್ನ ಹೆಂಡತಿ ನೀಲಮ್ಮನದು.

ಇಲ್ಲಿ ಒಂದು ಹಳೆಯ ಬಾಕಿ ಇತ್ತು. ಹಿಂದಿನ ವರ್ಷದ ಅಂಬಲಿ ಶಾರದಾಬಾಯಿಯವರದು. ಅವರ ಮನೆ ನಮ್ಮ ಓಣಿಯ ತುದಿಗೇ ಇದೆ. ಆ ಅಂಬಲಿ ಸ್ವಲ್ಪ ತೆಳ್ಳಗಾಗಿತ್ತು. ನೀಲಮ್ಮ ಎಲ್ಲರೆದುರಿಗೆ ಲೋಟ ಎತ್ತಿ ಹಿಡಿದು, "ಶಾರದಾ, ಅಂಬಲಿ ಮಾಡಿಯೋ, ಬಾವಿ ತಂದಿಯೋ?" ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಶಾರದಾಬಾಯಿಯವರೂ ನಕ್ಕಿದ್ದರು, ಹಲ್ಲು ಕಾಣದಂತೆ. ಆದ್ದರಿಂದ ಈ ಸಲದ ಅಂಬಲಿ ಬರೀ ಅಂಬಲಿಯಾಗಿರಲಿಲ್ಲ. ನೀಲಮ್ಮನ ನಾಲಿಗೆಗೆ ಜಾಮೀನಾಗಿತ್ತು.

ಅವಳಿಗೆ ಚಿಂತೆ ಇರಲಿಲ್ಲ. ಚಿಂತೆಯ ಖಾತೆ ನಮ್ಮ ಮನೆಯಲ್ಲಿ ನನ್ನದು.

ಜೋಳದ ನುಚ್ಚು ಕುದಿಸಿ ಆರಿಸಿ, ಮಜ್ಜಿಗೆ ಬೆರೆಸಿ, ಮಣ್ಣಿನ ಮಡಕೆಯಲ್ಲಿ ಹಿಂದಿನ ದಿನ ಇಟ್ಟರೆ ಅಂಬಲಿ ಹದವಾಗಿ ಹುಳಿಯೇರುತ್ತದೆ. ಅಂದರೆ ಹುಳಿ ಏರುವುದು ಬೆಚ್ಚಗಿದ್ದರೆ. ಸೋಮವಾರದ ಪತ್ರಿಕೆ ಶೀತಗಾಳಿ ಬರಲಿದೆ ಎಂದಿತು. ನೀಲಮ್ಮನಿಗೆ ಹೇಳಿದೆ. ಅವಳು ಮೊಣಕೈವರೆಗೆ ಹಿಟ್ಟಾಗಿದ್ದ ಕೈ ತೋರಿಸಿ, "ಇಷ್ಟ ವರ್ಷ ಈ ಕೈ ಹೇಳೇತಿ. ಈ ವರ್ಷ ಪೇಪರ್ ಹೇಳ್ತೈತೇನು? ನೀವು ಸುಮ್ ಇರ್ರಿ" ಎಂದಳು.

ಸುಮ್ಮನಿರುವುದು ನನಗೆ ಬರುವುದಿಲ್ಲ. ಟೀವಿ ಹಾಕಿದೆ. ಅದು ಹದಿನಾಲ್ಕು ಎಂದಿತು. ಪತ್ರಿಕೆ ಹನ್ನೊಂದು ಎಂದಿತ್ತು. ಯಾರನ್ನು ನಂಬುವುದು? ಮೇಲಿನ ಮಹಡಿಯಲ್ಲಿ ಸಿಂಧು ಎಂಬ ಮೈಸೂರಿನ ಹುಡುಗಿ ಇದ್ದಳು, ಸಾಫ್ಟ್‌ವೇರಿನವಳು. ಮನೆಯಲ್ಲೇ ಇಂಟರ್‌ನೆಟ್. ಹೋಗಿ ಕೇಳಿದೆ. ಅವಳು ಟಕಟಕ ಎಂದು ಒಂದರ ಮೇಲೊಂದು ಮೂರು ಪುಟ ತೆಗೆದಳು. ಒಂದರಲ್ಲಿ ಹದಿಮೂರು, ಇನ್ನೊಂದರಲ್ಲಿ ಹದಿನಾರು, ಮತ್ತೊಂದರಲ್ಲಿ ಒಂಬತ್ತು. ಒಂಬತ್ತರ ಕೆಳಗೆ ಸಣ್ಣ ಅಕ್ಷರದಲ್ಲಿ ಏಳು.

"ಈ ಏಳು ಏನವ್ವಾ?"

"ಅದು ಫೀಲ್ಸ್ ಲೈಕ್ ಅಂಕಲ್. ಇರೋದು ಒಂಬತ್ತು, ಅನ್ಸೋದು ಏಳು."

"ಯಾರಿಗ ಅನಸ್ತೈತಿ?"

"ಎಲ್ರಿಗೂ."

"ನನ್ನ ಯಾರೂ ಕೇಳಿಲ್ಲಲ್ಲ."

ಅವಳು ನನ್ನ ಮುಖ ನೋಡಿ ಚಹಾ ಮಾಡಲೇ ಎಂದು ಕೇಳಿದಳು.

ನಾನು ಸನತ್‌ನಗರದ ಒಂದು ಪಂಪು ಕಾರ್ಖಾನೆಯ ಸ್ಟೋರಿನಲ್ಲಿ ಮೇಲ್ವಿಚಾರಕ. ಲೆಕ್ಕ ತಪ್ಪಿದಲ್ಲಿ ಸರಾಸರಿ ಹಿಡಿಯುವುದು ನಮ್ಮ ವೃತ್ತಿಧರ್ಮ. ಪತ್ರಿಕೆ, ಟೀವಿ, ಮೂರು ಪುಟ, ಜೊತೆಗೆ ಆ ಅನ್ನಿಸುವ ಏಳನ್ನೂ ಕೂಡಿಸಿ ಭಾಗಿಸಿದೆ. ಹನ್ನೊಂದು ಪಾಯಿಂಟ್ ಆರು ಆರು ಬಂತು. ಇದನ್ನು ಯಾರೂ ಹೇಳಿರಲಿಲ್ಲ. ಆರು ಮೂಲಗಳಿಂದ ವಿಚಾರಿಸಿ, ಯಾವ ಮೂಲವೂ ಹೇಳದ ಏಳನೆಯ ತಾಪಮಾನವನ್ನು ಕಂಡುಹಿಡಿದಿದ್ದೆ!

ಇನ್ನು ಸ್ವಂತ ಅಳತೆಯೇ ಗತಿ ಎಂದು ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಂಡು ತಂದು, ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಮೊಳೆ ಹೊಡೆದೆ. ಮರುದಿನ ಬೆಳಗ್ಗೆ ಆರು ಗಂಟೆಗೆ ಸ್ವೆಟರ್ ಹಾಕಿಕೊಂಡು ನಡುಗುತ್ತ ಹೋಗಿ ನೋಡಿದರೆ ಇಪ್ಪತ್ತಾರು! ಒಳಗೆ ಬಂದರೆ ಚಳಿ, ಹೊರಗೆ ಇಪ್ಪತ್ತಾರು. ನನಗೇ ಜ್ವರವಿದೆಯೇನೋ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಮೂರು ದಿನವೂ ಅದೇ ಅಂಕಿ. ಆ ಗೋಡೆಯಾಚೆ ನಿವೃತ್ತ ರೈಲ್ವೆ ಗಾರ್ಡು ನರಸಿಂಹಂಗಾರು ಅವರ ಬಚ್ಚಲು. ನಾನು ಮೊಳೆ ಹೊಡೆದ ಜಾಗದಲ್ಲೇ ಅವರ ಬಿಸಿನೀರಿನ ಪೈಪು ಹಾದುಹೋಗಿದೆ. ಅವರು ಐದೂಮುಕ್ಕಾಲಿಗೆ ಸರಿಯಾಗಿ ಸ್ನಾನ ಮಾಡುತ್ತಾರೆ. ಮೂರು ದಿನ ನಾನು ಬರೆದಿಟ್ಟುಕೊಂಡದ್ದು ಹೈದರಾಬಾದಿನ ಹವಾಮಾನವಲ್ಲ, ನರಸಿಂಹಂಗಾರು ಅವರ ಸ್ನಾನ. ಇದೆಲ್ಲ ನನಗೆ ತಿಳಿದದ್ದು ಅಂಬಲಿಯ ಕಥೆ ಮುಗಿದ ಮೇಲೆ. ಆಗ ತಿಳಿದದ್ದು ಇಷ್ಟೇ: ಊರೆಲ್ಲ ತಣ್ಣಗಿದೆ, ನಮ್ಮ ಬಾಲ್ಕನಿಯ ಒಂದು ಗೇಣು ಗೋಡೆ ಮಾತ್ರ ದೈವಕೃಪೆಯಿಂದ ಬೆಚ್ಚಗಿದೆ.

ಶನಿವಾರದ ಪತ್ರಿಕೆಯೂ ಒಂಬತ್ತಕ್ಕೇ ಇಳಿಯಿತು. ನಾನು ತಡಮಾಡಲಿಲ್ಲ. ನಮ್ಮ ಏಳೂ ಮನೆಗಳಿಗೆ ಫೋನ್ ಮಾಡಿ, ಮಕ್ಕಳಿಗೆ ಕುಲಾವಿ, ದೊಡ್ಡವರಿಗೆ ಸ್ವೆಟರ್, ವಯಸ್ಸಾದವರಿಗೆ ಕಾಲುಚೀಲ ಕಡ್ಡಾಯ ಎಂದು ತಿಳಿಸಿದೆ. ಶಾರದಾಬಾಯಿಯವರು, "ಅಷ್ಟ ಥಂಡಿ ಐತೇನ್ರಿ ಅಣ್ಣಾರ?" ಎಂದು ಅನುಮಾನಪಟ್ಟರು. ಅನ್ನಿಸುವುದು ಏಳು ಎಂದೆ. ಅವರು ಹೆದರಿದರು. ನನಗೆ ಸಮಾಧಾನವಾಯಿತು.

ಮಧ್ಯಾಹ್ನ ನೀಲಮ್ಮ ಅಂಬಲಿ ಬೆರೆಸಿ ತವರಿನ ಮಡಕೆಗೆ ಹೊಯ್ದಳು. ಆಳಂದದಿಂದ ಕಲಬುರಗಿಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದ ಮಡಕೆ ಅದು. ತೆಳುವಾದ ಬಿಳಿ ಬಟ್ಟೆ ಕಟ್ಟಿ, ಅರಿಶಿನದ ದಾರ ಸುತ್ತಿದಳು. ಒಮ್ಮೆ ಕಟ್ಟಿದ ಬಾಯಿಯನ್ನು ಹೊಲದಲ್ಲಿ ಚರಗದ ಹೊತ್ತಿಗೇ ಬಿಚ್ಚಬೇಕು, ಅದು ಅವರ ಮನೆಯ ಪದ್ಧತಿ. ಆಮೇಲೆ ಉಳಿದ ಹೆಂಗಸರೊಂದಿಗೆ ರೊಟ್ಟಿ ಬಡಿಯಲು ಶಾರದಾಬಾಯಿಯವರ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು: "ಮಡಕಿ ಕಡೆ ನೋಡಬ್ಯಾಡ್ರಿ. ಬಾಯಿ ಅಂತೂ ಬಿಚ್ಚಲೇಬ್ಯಾಡ್ರಿ."

ಒಂದು ಗಂಟೆ ನೋಡದೆ ಕುಳಿತೆ. ಅಂದರೆ ಬೇರೆ ಕಡೆ ನೋಡುತ್ತ ಮಡಕೆಯ ಬಗ್ಗೆ ಯೋಚಿಸಿದೆ. ತೆಳುವಾದ ಬಟ್ಟೆ. ಅನ್ನಿಸುವುದು ಏಳು. ಐವತ್ತು ಜನ. ಶಾರದಾಬಾಯಿ. ಎದ್ದೆ.

ಮಡಕೆಯನ್ನು ಎತ್ತಿ ಬಾಲ್ಕನಿಯ ಆ ಬೆಚ್ಚನೆಯ ಗೋಡೆಗೆ ಆನಿಸಿದೆ. ಸುತ್ತಲೂ ಕೌದಿ ಹೊದಿಸಿದೆ. ಕೌದಿಯ ಮೇಲೆ ಶಾಲು. ಬಾಯಿಯಿಂದ ಚಳಿ ನುಗ್ಗಿದರೆ? ನಾನಿರುವುದು ಹೈದರಾಬಾದಿನಲ್ಲಿ. ಬಿರಿಯಾನಿಯ ಹಂಡೆಗೆ ದಮ್ ಕೊಡುವುದನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಗೋಧಿಹಿಟ್ಟು ಕಲಸಿ, ನೀಲಮ್ಮನ ಬಟ್ಟೆಯ ಮೇಲೆ ಸ್ಟೀಲಿನ ತಾಟು ಬೋರಲು ಹಾಕಿ, ಸುತ್ತಲೂ ಹಿಟ್ಟು ಮೆತ್ತಿ ಭದ್ರ ಮಾಡಿದೆ. ಅದರ ಮೇಲೆ ನನ್ನ ಮಫ್ಲರು ಬಿಗಿದೆ. ಕೊನೆಗೆ ಇದ್ದೊಂದು ಮಂಕಿ ಕ್ಯಾಪನ್ನೂ ತೊಡಿಸಿದೆ. ಆ ಚಳಿಗಾಲದಲ್ಲಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದು.

ಗೋಡೆಯಾಚೆ ಆ ದಿನ ನರಸಿಂಹಂಗಾರು ಮನೆಗೆ ರಜೆಗೆಂದು ಎಂಟು ಜನ ನೆಂಟರು ಬಂದಿಳಿದಿದ್ದರು. ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವ ಸದ್ದು. ಶುಚಿಯಾದ ಕುಟುಂಬ ಎಂದು ಮೆಚ್ಚಿಕೊಂಡೆ.

ನೀಲಮ್ಮ ಬಂದವಳೇ ಬಾಲ್ಕನಿಯಲ್ಲಿ ಕೂತಿದ್ದ ಆಕೃತಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಕೇಳಿದಳು, "ಬಾಯಿ ಬಿಚ್ಚಿಲ್ಲಲ್ಲ?"

"ಇಲ್ಲ."

ಇದು ನೂರಕ್ಕೆ ನೂರು ಸತ್ಯ. ನಾನು ಮುಚ್ಚಿದ್ದೆ.

ಬೆಳಗಾಗುವಷ್ಟರಲ್ಲಿ ಆಕಾಶದ ತುಂಬ ಮೋಡ ಕವಿದಿತ್ತು. ಬಂಗಾಳ ಕೊಲ್ಲಿಯಲ್ಲಿ ಏನೋ ಆಗಿ ಶೀತಗಾಳಿ ಬರುವ ಕಾರ್ಯಕ್ರಮ ರದ್ದಾಗಿದೆ ಎಂದು ಟೀವಿ ಹೇಳಿತು, ಒಂದು ಕ್ಷಮೆಯೂ ಇಲ್ಲದೆ. ಸೆಖೆ ಶುರುವಾಗಿತ್ತು. ನಾನು ಸ್ವೆಟರ್ ತೆಗೆಯಲಿಲ್ಲ. ಏಳು ಮನೆಗೆ ಹೇಳಿದವನು ನಾನೇ ತೆಗೆದರೆ ಹೇಗೆ?

ಸುಮೋದಲ್ಲಿ ಮಡಕೆ ನನ್ನ ತೊಡೆಯ ಮೇಲೆ. ಮೋಡ ಸರಿದು ಬಿಸಿಲು ಏರಿತು. ಕೌದಿಯೊಳಗಿಂದ ಗುಳುಗುಳು ಸದ್ದು ಬರತೊಡಗಿತು. ಡ್ರೈವರ್ ಯಾದಗಿರಿ ಕನ್ನಡಿಯಲ್ಲಿ ನೋಡಿ ನೋಡಿ, ಮುದುಕಿಗೆ ಉಸಿರು ಕಟ್ಟೀತು ಸಾರ್, ಮುಖದ ಮೇಲಿನದಾದರೂ ತೆಗೆಯಿರಿ ಎಂದು ತೆಲುಗಿನಲ್ಲಿ ಹೇಳಿದ. ಇಡೀ ವಾರದಲ್ಲಿ ನನಗೆ ಸಿಕ್ಕಿದ ಏಕೈಕ ಸರಿಯಾದ ಸಲಹೆ ಅದು. ನಾನು ಕೇಳಲಿಲ್ಲ.

ಹಿಂದಿನ ಸೀಟಿನಿಂದ ಸಿಂಧು ಮೆಲ್ಲಗೆ ಕೇಳಿದಳು. "ಅಂಕಲ್, ಆ ಒಂಬತ್ತು ಕನಿಷ್ಠ ಅಲ್ವಾ? ಬೆಳಗಿನ ಜಾವದ್ದು. ನಾವು ಊಟ ಮಾಡೋದು ಮಧ್ಯಾಹ್ನ ಅಲ್ವಾ?"

ನಾನು ಮಡಕೆಯ ಶಾಲನ್ನು ಇನ್ನಷ್ಟು ಬಿಗಿಮಾಡಿದೆ. ಚಳಿಗಾಲದಲ್ಲಿ ಕನಿಷ್ಠವನ್ನೂ ಬೇಸಿಗೆಯಲ್ಲಿ ಗರಿಷ್ಠವನ್ನೂ ಮಾತ್ರ ಓದುವುದು ನನ್ನ ಅಭ್ಯಾಸ. ಹೆದರಲು ಅಷ್ಟು ಸಾಕಲ್ಲ. ಡಿಸೆಂಬರ್ ತಿಂಗಳಿಗೆ ಗರಿಷ್ಠವೆಂಬುದೂ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ತೋಪಿನಲ್ಲಿ ಐವತ್ತು ಜನ ಉಣ್ಣೆಯೊಳಗೆ ಬೇಯುತ್ತಿದ್ದರು. ಮಕ್ಕಳು ಕುಲಾವಿ ಕಿತ್ತೆಸೆದು ಅಳುತ್ತಿದ್ದವು. ಒಬ್ಬ ಅಜ್ಜ ಕಾಲುಚೀಲ ಬಿಚ್ಚಿ ಬಾವಿಕಟ್ಟೆಯ ಮೇಲೆ ಪಾದಕ್ಕೆ ನೀರು ಸುರಿದುಕೊಳ್ಳುತ್ತಿದ್ದ. ಎಲ್ಲರೂ ನನ್ನನ್ನು ನೋಡಿದರು. ನಾನು ಮಡಕೆಯ ಹಿಂದೆ ಮುಖ ಮರೆಸಿಕೊಂಡೆ.

ನೀಲಮ್ಮ ಹೊಲದಂಚಿನಲ್ಲಿ ಮಡಕೆ ಇಳಿಸಿ ಒಂದೊಂದೇ ಕಳಚಿದಳು. ಕ್ಯಾಪು. ಮಫ್ಲರು. ಶಾಲು. ಕೌದಿ. ಒಣಗಿ ಕಲ್ಲಾದ ಹಿಟ್ಟು ಕಂಡಾಗ ಅವಳ ಕೈ ನಿಂತಿತು.

"ಇದೇನ್ರಿ?"

"ದಮ್."

"ಅಂಬಲಿಗೆ?"

"ಥಂಡಿ ಒಳಗ ಹೋಗಬಾರದು ಅಂತ."

ಅವಳು ಸೌಟಿನ ಹಿಡಿಯಿಂದ ಹಿಟ್ಟಿನ ಅಂಚನ್ನು ಒಮ್ಮೆ ಮೀಟಿದಳು. ನಾನು ಸಹಾಯಕ್ಕೆಂದು ಮೇಲೆ ಬಾಗಿದೆ. ಢಬ್! ತಾಟು ಮಾವಿನ ಕೊಂಬೆಯವರೆಗೆ ಹೋಯಿತು. ಹಿಂದೆಯೇ ಬಿಳಿ ಬಟ್ಟೆ, ಅದರ ಹಿಂದೆ ಅಂಬಲಿ. ಮಡಕೆಯಲ್ಲಿದ್ದ ಅರ್ಧ ನನ್ನ ಮುಖಕ್ಕೆ, ಸ್ವೆಟರಿಗೆ, ಮೀಸೆಗೆ ಬಂತು. ಕಣ್ಣು ಒರೆಸಿಕೊಂಡು ಮೊದಲು ಮಡಕೆಯನ್ನು ನೋಡಿದೆ. ಪುಣ್ಯಕ್ಕೆ ಬಿರುಕಿಲ್ಲ. ಆಮೇಲೆ ನೀಲಮ್ಮನನ್ನು ನೋಡಿದೆ. ಅಲ್ಲಿ ಇತ್ತು.

ಮಡಕೆಯಲ್ಲಿ ಉಳಿದದ್ದರಲ್ಲಿ ಚರಗ ಚೆಲ್ಲಿ, ಒಂದು ಗುಟುಕು ರುಚಿ ನೋಡಿದಳು. ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಆ ಹುಳಿಗೆ ಹಿತ್ತಾಳೆ ಪಾತ್ರೆ ಬೆಳಗಬಹುದಿತ್ತು. ಎದುರಿಗೆ ಬಾಯಾರಿದ ಐವತ್ತು ಜನ ಲೋಟ ಹಿಡಿದು ನಿಂತಿದ್ದರು. ಬೇರೆ ದಾರಿ ಇರಲಿಲ್ಲ. ನೀಲಮ್ಮ ತಲೆ ಎತ್ತದೆ, ಬಾವಿಯಿಂದ ಒಂದು ಕೊಡ ನೀರು ತರಲು ಹೇಳಿದಳು. ಅದು ಸಾಲದೆ ಇನ್ನೊಂದು. ಮತ್ತೂ ಒಂದು.

ಮೂರನೆಯ ಕೊಡವನ್ನು ಶಾರದಾಬಾಯಿಯವರು ತಾವೇ ಹೊತ್ತು ತಂದರು. ಸ್ವೆಟರಿನೊಳಗೆ ಬೆವರುತ್ತಿದ್ದರೂ ಮುಖದ ಮೇಲೆ ಎಂಥ ಕಳೆ! ಈ ಸಲ ಹಲ್ಲೆಲ್ಲ ಕಂಡವು.

"ನೀಲಕ್ಕಾ, ನಾ ಹ್ವಾದ ವರ್ಷ ಬಾವಿ ತಂದಿದ್ದೆ. ನೀವು ಬಾವಿಗೇ ಬಂದೀರಿ ನೋಡ್ರಿ."

ಐವತ್ತು ಜನ ನಕ್ಕರು. ನಕ್ಕು, ಆ ನೀರಂಬಲಿಯನ್ನು ಲೋಟದ ಮೇಲೆ ಲೋಟ ಕುಡಿದರು. ಸೆಖೆ ಅಷ್ಟಿತ್ತು. ನೀಲಮ್ಮ ಎಲ್ಲರಿಗೂ ತಾನೇ ಬಡಿಸಿದಳು. ನನಗೆ ಬಡಿಸಲಿಲ್ಲ. ನನಗೆ ಆಗಲೇ ಆಗಿತ್ತಲ್ಲ.

ಸಂಜೆ ನಾಲ್ಕರ ಬಿಸಿಲಿನಲ್ಲಿ ವಾಪಸು ಹೊರಟೆವು. ಖಾಲಿ ಮಡಕೆ ಈಗ ಅವಳ ತೊಡೆಯ ಮೇಲೆ, ನಾನು ಪಕ್ಕದಲ್ಲಿ. ನನ್ನ ಸ್ವೆಟರ್ ಒಣಗಿ ದಮ್ಮಿನ ಹಿಟ್ಟಿನಂತೆ ಬಿರುಸಾಗಿತ್ತು. ಹೊರಗೆ ಮೂವತ್ತೊಂದು ಡಿಗ್ರಿ ಎಂದು ಸಿಂಧು ಹಿಂದಿನಿಂದ ಯಾರಿಗೋ ಹೇಳುತ್ತಿದ್ದಳು. ನೀಲಮ್ಮ ಮಾತಾಡಲಿಲ್ಲ. ಹೆದ್ದಾರಿ ಮುಗಿದರೂ ಇಲ್ಲ, ಊರೊಳಗೆ ಬಂದರೂ ಇಲ್ಲ. ಒಂದು ವಾರದಿಂದ ನನ್ನನ್ನು ಕಾಡಿದ್ದ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಇರುವುದು ಮೂವತ್ತೊಂದು, ಅನ್ನಿಸುವುದು ಏಳು. ಯಾರಿಗೆ ಅನ್ನಿಸುತ್ತದೆ ಎಂದು ಕೇಳಿದ್ದೆನಲ್ಲ? ನನಗೆ!

ಮಲ್ಕಾಜ್‌ಗಿರಿಯ ರೈಲ್ವೆ ಗೇಟಿನಲ್ಲಿ ಗಾಡಿ ನಿಂತಿತು. ಆಗ ನೀಲಮ್ಮ ಮಡಕೆಯೊಳಗೆ ಕೈಹಾಕಿ ಮಂಕಿ ಕ್ಯಾಪನ್ನು ತೆಗೆದು, ಒಮ್ಮೆ ಕೊಡವಿ ನನ್ನ ಮುಂದೆ ಹಿಡಿದಳು.

"ಹಾಕ್ಕೊಳ್ರಿ," ಎಂದಳು. "ಥಂಡಿ ಐತಿ."

ಹಾಕಿಕೊಂಡೆ. ಯಾದಗಿರಿ ಕನ್ನಡಿಯಲ್ಲಿ ನನ್ನನ್ನು ನೋಡಿ, ಈ ಸಲ ಮುಖದ ಮೇಲಿನದನ್ನು ತೆಗೆಯಿರಿ ಎನ್ನಲಿಲ್ಲ.