ಮಿಂದು ಬಂದ ಹಂದಿಮರಿ

ದೇವಿಯ ವಿಷಯ ಬಾಯಲ್ಲಿ ಆಡಲು ನನಗೆ ಯೋಗ್ಯತೆ ಸಾಲದು. ತಪ್ಪಿದ್ದರೆ ಬೆಳೆದೇವಿ ತಾಯಿ ದಿಮೀತರ್ ಹೊಟ್ಟೆಗೆ ಹಾಕಿಕೊಳ್ಳಲಿ. ಎಲ್ಯೂಸಿಸ್ ಗುಡಿಯ ಒಳಗಿನ ಗುಟ್ಟನ್ನು ನಾನು ಹೇಳುತ್ತಿಲ್ಲ. ಒಂದು ಹಂದಿಮರಿಯ ವಿಷಯ, ಅಷ್ಟೇ.

ಅಥೆನ್ಸಿನಲ್ಲಿ ಚಪ್ಪಲಿ ಹೊಲಿಯುವ ಲಾಕ್ರಿತೋಸನ ಮಗಳು ಮೆಲಿತ್ತ ಬೇಸಿಗೆಯಲ್ಲಿ ಜ್ವರದಿಂದ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಪಾತಾಳದ ಪಾಲಾದ ತನ್ನ ಮಗಳನ್ನೇ ಮರಳಿ ಪಡೆದ ಬೆಳೆದೇವಿ ಇವಳನ್ನೂ ಮರಳಿಸಿದಳೆಂದು ಅಪ್ಪನ ನಂಬಿಕೆ. ಈ ವರ್ಷವೇ ಎಲ್ಯೂಸಿಸ್ ಗುಡಿಯಲ್ಲಿ ದೀಕ್ಷೆ ಪಡೆಯುತ್ತೇನೆಂದು ಹರಕೆ ಹೊತ್ತ. ದೀಕ್ಷೆಗೆ ಹೋಗುವವರು ತಮ್ಮದೇ ಹಂದಿಮರಿಯೊಂದಿಗೆ ಕಡಲಲ್ಲಿ ಮಿಂದು, ಅದನ್ನು ಬಲಿ ಕೊಡಬೇಕು. ಮರಿಯಿಲ್ಲದವರಿಗೆ ಗುಡಿಗೆ ಹೋಗುವ ಮೆರವಣಿಗೆಯಿಲ್ಲ.

ಮೆಲಿತ್ತ ಸಾಕಿದ ಮರಿಯನ್ನು ದಾರಿಯಲ್ಲಿ ಪುಸಲಾಯಿಸಿ ಕರೆದೊಯ್ಯಲು ಲಾಕ್ರಿತೋಸ ಸೊಂಟದಲ್ಲಿ ಬಾರ್ಲಿ ಕಟ್ಟಿಕೊಂಡು ಹೊರಟ. ಊರವರ ಚಪ್ಪಲಿ ಹೊಲಿಯುವವನ ಬಟ್ಟೆಗೆ ಮಾತ್ರ ಹೊಲಿಗೆ ಇರಲಿಲ್ಲ. ದಾರಿಯುದ್ದಕ್ಕೂ ಕಾಳು ಉದುರಿತು.

ಕಡಲಲ್ಲಿ ಜನವೆಷ್ಟೋ ಹಂದಿಗಳೂ ಅಷ್ಟೇ. ಕಿರುಚುತ್ತಿರುವುದು ಯಾರೆಂದು ಹೇಳುವುದು ಕಷ್ಟವಿತ್ತು. ಲಾಕ್ರಿತೋಸನ ಮರಿ ಎಣ್ಣೆ ಹಚ್ಚಿದ ಜಟ್ಟಿಯ ಹಾಗೆ ಜಾರಿಕೊಂಡಿತು.

"ಲೋ, ಹಂದಿ ಹಿಡಿಯೋದು ಹಾಗಲ್ಲ ಕಣೋ!" ಎಂದಳು ಪಕ್ಕದ ಮನೆಯ ಮಿರಿನ್ನಾ. "ಹೀಗೆ, ಎರಡೂ ಕೈಯಲ್ಲಿ!"

ತೋರಿಸಲು ಎರಡೂ ಕೈ ಎತ್ತಿದಳು. ಅವಳ ಮರಿಯೂ ಹೋಯಿತು.

ಮೂರು ಸಲ ಮುಳುಗಿ, ಬೇಡವೆನ್ನುವಷ್ಟು ಉಪ್ಪು ನೀರು ಕುಡಿದು ಲಾಕ್ರಿತೋಸ ಒಂದು ಮರಿಯನ್ನು ಹಿಡಿದ.

"ಅದು ನಂದು!"

"ನಂದು ಅಕ್ಕಾ, ಮುಖ ನೋಡಿ!"

"ಮುಖ ನಿಂದೇ. ಹಂದಿ ನಂದು!"

ಪೂಜಾರಿ ಬೇಸತ್ತು, "ಮರಳಲ್ಲಿ ಬಿಡಿ. ಯಾರ ಹತ್ತಿರ ಹೋಗುತ್ತೋ ಅವರದು" ಎಂದ. ಮರಿ ನೇರವಾಗಿ ಓಡಿ, ಮಂಡಿಯೂರಿ ಕೂತ ಲಾಕ್ರಿತೋಸನ ಸೊಂಟದ ಬಾರ್ಲಿಗೆ ಮೂತಿ ಹಾಕಿತು. ಅವನ ಕಣ್ಣು ತುಂಬಿ ಬಂತು. ತಾಯಿಗೆ ವಂದಿಸಿ ಬಲಿ ಕೊಟ್ಟ. ಮಿರಿನ್ನಾ ಬರಿಗೈಯಲ್ಲಿ ಗೊಣಗುತ್ತ ಹಿಂದೆ ನಡೆದಳು.

ಮನೆ ಬಾಗಿಲಲ್ಲಿ ಮೆಲಿತ್ತ ಕುಣಿಯುತ್ತಿದ್ದಳು. "ಅಪ್ಪಾ, ದೇವಿ ನನ್ನ ಮರಿನ ವಾಪಸ್ ಕಳಿಸಿದಾಳೆ!"

ಎಡಗಿವಿಯ ಒಳಗೆ, ಮೆಲಿತ್ತಳಿಗೆ ಮಾತ್ರ ಗೊತ್ತಿದ್ದ ಸಣ್ಣ ಹರಕು. ಅವರ ಮರಿಯೇ. ಉಪ್ಪು ನೀರು ತೊಟ್ಟಿಕ್ಕಿಸುತ್ತ, ದಾರಿಯ ಕೊನೆಯ ಬಾರ್ಲಿ ಕಾಳನ್ನು ಹೊಸ್ತಿಲಲ್ಲಿ ನೆಕ್ಕುತ್ತಿತ್ತು.

"ಹಾಗಾದ್ರೆ ನೀನು ಬಲಿ ಕೊಟ್ಟಿದ್ದು ಯಾರ ಹಂದಿನೋ?" ಎಂದಳು ಬೆನ್ನ ಹಿಂದೆ ಮಿರಿನ್ನಾ.

"ತಪ್ಪಾಯ್ತು ಅಕ್ಕಾ. ಇದನ್ನ ತಗೊಂಡು ಹೋಗಿ. ನೀವಾದ್ರೂ ದೀಕ್ಷೆ ತಗೊಳ್ಳಿ."

ಮೆಲಿತ್ತ ಮರಿಯನ್ನು ಅಪ್ಪಿಕೊಂಡು ನಿಂತಳು. ಜ್ವರದಲ್ಲಿ ಆ ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಹಾಕಿದ್ದವಳು ಮಿರಿನ್ನಾ. ಮೂಗು ಒರೆಸಿಕೊಂಡಳು.

"ಇಬ್ಬರೂ ಮುಂದಿನ ವರ್ಷ ಹೋಗೋಣ ಬಿಡು. ಅಲ್ಲಿವರೆಗೆ ಈ ಮರಿನ ದೇವಿ ಮಗಳ ಲೆಕ್ಕದಲ್ಲೇ ಹಂಚ್ಕೊಳ್ಳೋಣ. ಅವಳು ಕೆಲವು ತಿಂಗಳು ಪಾತಾಳದಲ್ಲಿ, ಉಳಿದದ್ದು ತಾಯಿ ಹತ್ತಿರ ಇರ್ತಾಳಲ್ಲ?"

"ಅಂದ್ರೆ, ಅಕ್ಕಾ?"

"ತಿಂದು ಬೆಳೆಯೋವರೆಗೆ ನಿನ್ನ ಮನೇಲಿ. ಕೊಬ್ಬಿದ ಮೇಲೆ ನನ್ನ ಮನೇಲಿ."

ಲಾಕ್ರಿತೋಸ ಮಗಳ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. ಎಲ್ಯೂಸಿಸ್ ಕಡೆಗೆ ಕೈಮುಗಿದು ಬಾರ್ಲಿ ತರಲು ಒಳಗೆ ಹೋದ.

ಪಕ್ಕದ ಮನೆಯವಳ ಹಂದಿಯಿಂದ ಸಲ್ಲಿಸಿದ ಅವನ ಕೃತಜ್ಞತೆ ದೇವಿಗೆ ಮುಟ್ಟಿತೋ ಇಲ್ಲವೋ, ನನಗೆ ಗೊತ್ತಿಲ್ಲ.