ಊ... ಹೂಂ

ಟೈಲರಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಳೆದ ಚುನಾವಣೆಯಲ್ಲಿ ಪಕ್ಷದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಹೆಂಡತಿಯ ತಮ್ಮನ ಮೇಲೆ ಅಳತೆಪಟ್ಟಿ ಬೀಸಿದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಈಗ ಆ ಭಾವಮೈದನೇ ಮಗಳ ಮದುವೆಗೆಂದು ಅಕ್ಕನ ಕೈಯಲ್ಲಿ ಕೋಟಿನ ಬಟ್ಟೆ ಕಳಿಸಿದ್ದ.

"ಸಾಯಂಕಾಲ ಟ್ರಯಲ್‌ಗೆ ಬರ್ತಾನಂತೆ," ಎಂದಳು ಹೆಂಡತಿ. "ನನ್ನ ತವರು ಅಂತ ಉಳಿದಿರೋದು ಅವನೊಬ್ಬನೇ. ಆ ಬಾಗಿಲನ್ನೂ ಮುಚ್ಚಿಸಬೇಡಿ. ಡಾಕ್ಟ್ರು ಹೇಳಿಕೊಟ್ಟಿದ್ದು ನೆನಪಿದೆ ತಾನೆ?"

ನೆನಪಿತ್ತು. ಸಿಟ್ಟು ಬಂದರೆ ಅಟ್ಟಬಾರದು, ಕೂರಿಸಿ ಮಾತಾಡಿಸಲೂಬಾರದು. ಬೀದಿಯಲ್ಲಿ ಹೋಗುವವನನ್ನು ನೋಡಿದ ಹಾಗೆ ಸುಮ್ಮನೆ ನೋಡಬೇಕು. ಉಸಿರು ಒಳಗೆ ಹೋಗುವಾಗ 'ಊ', ಹೊರಗೆ ಬರುವಾಗ 'ಹೂಂ'.

ಬೆಳಿಗ್ಗೆಯೇ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಬಂದರು. "ನಿಮ್ಮ ಪಕ್ಷ ಊರನ್ನೇ ಮುಳುಗಿಸ್ತು. ಒಪ್ತೀಯೇನಯ್ಯಾ?"

ಟೈಲರಣ್ಣ ಮಿಷನ್ ತುಳಿಯುತ್ತಲೇ ಉಸಿರೆಳೆದ. 'ಊ' ಮಿಷನ್ನಿನ ಕಟಕಟದಲ್ಲಿ ಮುಳುಗಿತು. 'ಹೂಂ' ಮಾತ್ರ ಮೇಲೆದ್ದಿತು. ಮೇಷ್ಟ್ರು ಹಿಗ್ಗಿ ಹೀರೇಕಾಯಾಗಿ, ತಮ್ಮ ಪಕ್ಷದ ಚೀಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿಯೇ ಹೋದರು.

ಮಧ್ಯಾಹ್ನ ಅದನ್ನು ಕಂಡ ಟೀ ಅಂಗಡಿಯವನು ಓಡಿಬಂದ. ಅವನು ಟೈಲರಣ್ಣನ ಪಕ್ಷದವನೇ. "ಥೂ! ಉಂಡ ಮನೆಗೆ ಎರಡು ಬಗೆದ್ಯಲ್ಲೋ! ನಾಚಿಕೆ ಬಿಟ್ಟು ಆ ಕಡೆ ಹಾರಿದೀಯಾ?"

ಮಿಷನ್ ಕಟಕಟ. "...ಹೂಂ."

ಟೈಲರಣ್ಣನಿಗೆಂದು ತಂದಿದ್ದ ಟೀಯನ್ನು ಅವನೇ ಕುಡಿದು ಹೊರಟುಹೋದ.

ಸಾಯಂಕಾಲ ಭಾವಮೈದ ಬಂದ. ಟೈಲರಣ್ಣ ಮಿಷನ್ ನಿಲ್ಲಿಸಿ, ಏಳೆಂಟು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು, ಒಂದೇ ತೋಳಿದ್ದ ಕೋಟನ್ನು ಅವನಿಗೆ ತೊಡಿಸಿದ.

ಭಾವಮೈದನ ಕಣ್ಣು ಗಾಜಿನ ಮೇಲೆ ಬಿತ್ತು. "ಓಹೋ, ನಮ್ಮ ಪಕ್ಷದ ಚೀಟಿ! ಈಗಲಾದ್ರೂ ಬುದ್ಧಿ ಬಂತಲ್ಲ ಭಾವ. ಅವತ್ತೇ ಬಡ್ಕೊಂಡೆ, ನಿಮ್ಮವರೆಲ್ಲ ಕಳ್ಳರು ಅಂತ."

ಸಿಟ್ಟು ಬಂತು. ತೋಳೇರಿಸಿಕೊಂಡು ಬೀದಿಯ ತುದಿಯಲ್ಲಿ ಕಾಣಿಸಿತು, ಹತ್ತಿರ ಬಂತು, ಒಮ್ಮೆ ತಿರುಗಿ ನೋಡಿತು. ಟೈಲರಣ್ಣನೂ ನೋಡಿದ. ಅದು ಮುಂದೆ ಹೋಯಿತು. ಜೀವಮಾನದಲ್ಲಿ ಇದೇ ಮೊದಲು! ಸೂಜಿ ಹಿಡಿದ ಕೈ ಒಂದಿಷ್ಟೂ ನಡುಗಲಿಲ್ಲ.

ಆ ಕೈ ನೋಡಿ ಭಾವಮೈದನ ದನಿ ಇಳಿಯಿತು. "ತಪ್ಪಾಯ್ತು ಭಾವ. ಅವತ್ತೂ ನಾಲಿಗೆ ಹರಿಯಬಿಟ್ಟಿದ್ದು ನಾನೇ. ಹಳೇದೆಲ್ಲ ಮರೆತು, ಅಕ್ಕನ್ನ ಕರ್ಕೊಂಡು ಮದುವೆಗೆ ಬರ್ತೀರಾ?"

ಟೈಲರಣ್ಣನ ಕಣ್ಣು ತುಂಬಿತು. ಎದೆತುಂಬ ಉಸಿರೆಳೆದು, ಮೆಲ್ಲಗೆ ಬಿಟ್ಟ. ಮಿಷನ್ ನಿಂತಿತ್ತು. ಬೆಳಗಿನಿಂದ ಮುಳುಗಿಹೋಗುತ್ತಿದ್ದ ಮೊದಲರ್ಧವೂ ಈಗ ಸ್ಪಷ್ಟವಾಗಿ ಕೇಳಿಸಿತು.

"ಊ... ಹೂಂ."

ಭಾವಮೈದನ ಮುಖ ಕಪ್ಪಿಟ್ಟಿತು. ಟೈಲರಣ್ಣ ಬಾಯಿಂದ ಒಂದೊಂದೇ ಸೂಜಿ ತೆಗೆದು ಕೆಳಗೆಸೆದು "ಅಲ್ಲ ಕಣೋ!" ಎನ್ನುವಷ್ಟರಲ್ಲಿ, ಒಂದು ತೋಳಿನ ಕೋಟು ಬೀದಿಯ ತಿರುವು ದಾಟಿತ್ತು.

ಒಳಗಿನಿಂದ ಹೆಂಡತಿ ಬಂದಳು. ಖಾಲಿ ಅಂಗಡಿ ನೋಡಿದಳು, ನೆಲದ ಮೇಲಿನ ಸೂಜಿಗಳನ್ನು ನೋಡಿದಳು.

"ನಾನು ಸಿಟ್ಟೇ ಮಾಡ್ಕೊಳ್ಳಲಿಲ್ಲ ಕಣೇ," ಎಂದ ಟೈಲರಣ್ಣ. "ನೀನಾದ್ರೂ ನಂಬ್ತೀಯಾ?"

ಅವಳು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಬಿಟ್ಟಳು.

"ಊ... ಹೂಂ."

ಅದು ಉಸಿರೋ ಉತ್ತರವೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.